ತೊಂಬತ್ತೆಂಟರ ದಾಯಾದಿಗಳು

"ಹ್ವಾಯ್, ಇದಕ್ಕ್ ತೊಂಬತ್ತೆಂಟ್ ಹಾಕೂದಾ, ಎಕ್ಸ್‌ಪಿ ಹಾಕೂದಾ?"

2002ರ ಸುಮಾರಿನಿಂದ ಕೆಲವು ವರ್ಷ ಕುಂದಾಪುರದ ನನ್ನ ಅಂಗಡಿಗೆ ಸಿಪಿಯು ಹೊತ್ತು ತಂದವರೆಲ್ಲ ಕೇಳಿದ ಪ್ರಶ್ನೆ ಇದು. ಶಿರೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವರಿದ್ದರು. ಗಂಗೊಳ್ಳಿಯಿಂದ ಮಳೆಗೆ ನೆನೆಯದ ಹಾಗೆ ಗೊಬ್ಬರದ ಗೋಣಿಯಲ್ಲಿ ಸುತ್ತಿ ತಂದವರಿದ್ದರು. ಬ್ರಹ್ಮಾವರ, ಸಾಸ್ತಾನದ ಕಡೆಯವರು ಉಡುಪಿಗೆ ಹೋಗುವುದು ಬಿಟ್ಟು ಇತ್ತ ಬರುತ್ತಿದ್ದುದೂ ಉಂಟು. ನಾನು ಡಿಟಿಪಿ ಮತ್ತು ರಿಪೇರಿ ಎರಡನ್ನೂ ಒಂದೇ ಮೇಜಿನ ಮೇಲೆ ಮಾಡುತ್ತಿದ್ದವನು. ಹಾಗಾಗಿ ಆ ಪ್ರಶ್ನೆಗೆ ನನ್ನ ಹತ್ತಿರ ಎರಡು ಉತ್ತರಗಳಿದ್ದವು, ಅವೆರಡಕ್ಕೂ ಒಂದಕ್ಕೊಂದು ಆಗಿಬರುತ್ತಿರಲಿಲ್ಲ.

ಹೊರಗಿನಿಂದ ಕಂಡರೆ ಎರಡೂ ವಿಂಡೋಸ್. ಕಂಪೆನಿ ಒಂದೇ, ಎಡಮೂಲೆಯ ಸ್ಟಾರ್ಟ್ ಬಟನ್ ಒಂದೇ. ಒಳಗೆ ಮಾತ್ರ ಬೇರೆ ಬೇರೆ ಕವಲಿನವು. 95, 98, ಎಂಇ ಎಂಬ ಮೂರು ಡಾಸ್‌ನ ಸಂತಾನ. ಎನ್‌ಟಿ, 2000, ಎಕ್ಸ್‌ಪಿ ಇನ್ನೊಂದು ಕವಲು. ಅದನ್ನು ಕಟ್ಟಿಸಿದವನು ಡೇವ್ ಕಟ್ಲರ್, ಡಿಜಿಟಲ್ ಕಂಪೆನಿಯಲ್ಲಿ ವಿಎಂಎಸ್ ಎಂಬ ದೊಡ್ಡ ಯಂತ್ರಗಳ ವ್ಯವಸ್ಥೆ ಕಟ್ಟಿ, 1988ರಲ್ಲಿ ಮೈಕ್ರೋಸಾಫ್ಟಿಗೆ ಬಂದವನು. ಯಾವುದು ವೇಗ, ಯಾವುದು ಭದ್ರ ಎಂದು ಇಂಗ್ಲಿಷ್ ಪತ್ರಿಕೆಗಳು ಪುಟಗಟ್ಟಲೆ ಕೋಷ್ಟಕ ಹಾಕುತ್ತಿದ್ದವು. ನಮ್ಮ ಊರಿನಲ್ಲಿ ಆ ಕೋಷ್ಟಕದ ಪ್ರಕಾರ ಒಂದು ಯಂತ್ರವೂ ತಯಾರಾಗಲಿಲ್ಲ. ಇಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಿದ್ದು ಕರೆಂಟು ಮತ್ತು ಕನ್ನಡದ ಅಕ್ಷರ.

ಅದಕ್ಕೂ ಹಿಂದಿನದನ್ನು ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕಂಪ್ಯೂಟರನ್ನು ಮೊದಲು ದೊಡ್ಡ ರೀತಿಯಲ್ಲಿ ಕಂಡವರು ಬ್ಯಾಂಕಿನವರು. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ಣಾಟಕ ಇವೆಲ್ಲ ಈ ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕುಗಳು. ಸಿಂಡಿಕೇಟಿನ ಕೇಂದ್ರ ಕಚೇರಿ ಮಣಿಪಾಲದಲ್ಲೇ ಇತ್ತು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ ದೇಶದ ಬ್ಯಾಂಕುಗಳಿಗೆ ಯಂತ್ರಗಳು ಬರತೊಡಗಿದವು, ಬಂದದ್ದರಲ್ಲಿ ಬಹಳಷ್ಟು ಯುನಿಕ್ಸ್ ವಂಶದವು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಶುರುಮಾಡಿದ ವ್ಯವಸ್ಥೆ ಅದು. ಹಸಿರು ಅಕ್ಷರದ ಪರದೆಯ ಮುಂದೆ ಕೂತ ಗುಮಾಸ್ತರು ಮೊದಲು ಹೆಸರು, ಆಮೇಲೆ ಗುಟ್ಟಿನ ಪದ ಒತ್ತಬೇಕಿತ್ತು. ಯಾರಿಗೆ ಯಾವ ಕಡತ ಓದಲು ಅನುಮತಿ, ಯಾರಿಗೆ ತಿದ್ದಲು ಅನುಮತಿ ಎಂಬುದು ಯುನಿಕ್ಸಿನಲ್ಲಿ ಹುಟ್ಟಿನಿಂದಲೇ ಇದ್ದದ್ದು, ಏಕೆಂದರೆ ಒಂದು ಯಂತ್ರಕ್ಕೆ ಹತ್ತು ಜನ ಎಂದೇ ಅದನ್ನು ಕಟ್ಟಿದ್ದು.

ಬ್ಯಾಂಕಿನ ಹೊರಗೆ ಡಾಸ್. ವ್ಯವಸಾಯ ಸೇವಾ ಸಹಕಾರಿ ಸಂಘಗಳಲ್ಲಿ ಫಾಕ್ಸ್‌ಪ್ರೊ, ಹಂಚಿನ ಕಾರ್ಖಾನೆ ಮತ್ತು ಅಕ್ಕಿ ಗಿರಣಿಗಳ ಲೆಕ್ಕಕ್ಕೆ ಟ್ಯಾಲಿ, ತರಬೇತಿ ಕೇಂದ್ರಗಳಲ್ಲಿ ವರ್ಡ್‌ಸ್ಟಾರ್ ಮತ್ತು ಲೋಟಸ್. ಡಾಸ್ ಒಬ್ಬನೇ ಕೂರುವ ಯಂತ್ರಕ್ಕಾಗಿ ಹುಟ್ಟಿದ್ದು. ಹೆಸರು ಕೇಳುವ ಪದ್ಧತಿಯೇ ಅದಕ್ಕಿಲ್ಲ. 1986ರಲ್ಲಿ ಲಾಹೋರಿನ ಅಲ್ವಿ ಸಹೋದರರು ಬರೆದ ಬ್ರೇನ್ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ಜಗತ್ತು ಸುತ್ತಿದ್ದು ಇಂಥ ಯಂತ್ರಗಳ ಮೇಲೆಯೇ. ಅವರು ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಬರೆದಿದ್ದರು! ಆ ಕಾಲದ ಕಳ್ಳತನಕ್ಕೂ ಒಂದು ಮರ್ಯಾದೆ ಇತ್ತೆನ್ನಿ.

ಡಾಸ್‌ನಲ್ಲಿ ಕನ್ನಡ ಬರಿಸಲು ಒಂದು ದಾರಿ ಪುಣೆಯ ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂರಿಸುವುದು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ನಮ್ಮ ಬೆರಳಿಗೆ ಬಂದದ್ದು ಆಮೇಲೆ. ಇಂದಿಗೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರು ಒತ್ತುವುದು ಅದೇ ವಿನ್ಯಾಸವನ್ನು. ನಮ್ಮವರೇ ಕಟ್ಟಿದ್ದು ಎಂಬ ಹೆಮ್ಮೆ ನನಗೆ ಈಗಲೂ ಇದೆ. ಅದರ ಜೊತೆಗೆ ಬಂದ ಫಾಂಟಿನ ತಾಪತ್ರಯ ಬೇರೆ ಕತೆ.

ವಿಂಡೋಸ್ 95 ಪೇಟೆಗೆ ಬಂದದ್ದು 1995ರ ಆಗಸ್ಟ್ 24ರಂದು, 98 ಬಂದದ್ದು 1998ರ ಜೂನ್ 25ರಂದು. ನಮ್ಮಲ್ಲಿ ಮನೆಮಾತಾದದ್ದು 98. 16 ಎಂಬಿ ರ‍್ಯಾಮ್ ಇದ್ದರೂ ಏಳುತ್ತಿತ್ತು, 32 ಇದ್ದರೆ ಕುಣಿಯುತ್ತಿತ್ತು. ಹಳೆಯ ಡಾಸ್ ಪ್ರೋಗ್ರಾಮುಗಳು ಹಾಗೇ ನಡೆಯುತ್ತಿದ್ದವು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಹೇಳಿದ ಮಾತು ಕೇಳುತ್ತಿತ್ತು. ಆ ವೇಗಕ್ಕೆ ಕಾರಣ ಸರಳ: 98 ಎಂದರೆ ಒಳಗೋಡೆಗಳೇ ಇಲ್ಲದ ಒಂದೇ ಚಾವಡಿ. ಯಾವ ಪ್ರೋಗ್ರಾಮು ಬೇಕಾದರೂ ನೇರವಾಗಿ ಪ್ರಿಂಟರಿನ ಪೋರ್ಟಿಗೆ ಕೈ ಹಾಕಬಹುದು, ವ್ಯವಸ್ಥೆಯ ಸ್ವಂತ ಕಡತಗಳನ್ನು ತಿದ್ದಬಹುದು. ನಡುವೆ ತಡೆದು ವಿಚಾರಿಸುವವರಿಲ್ಲದ ಕಡೆ ಕೆಲಸ ಬೇಗ ಆಗುತ್ತದೆ. ಲಾಗಿನ್ ಪರದೆ ಒಂದಿತ್ತು ನಿಜ, ಹೆಸರು ಗುಟ್ಟಿನ ಪದ ಎಲ್ಲ ಕೇಳುತ್ತಿತ್ತು. ಎಸ್ಕೇಪ್ ಕೀ ಒತ್ತಿದರೆ ಹಾಗೆಯೇ ಒಳಗೆ ಬಿಡುತ್ತಿತ್ತು.

ಆ ಚಾವಡಿಯಲ್ಲಿ ಕನ್ನಡದ ಕೆಲಸ ಮಾಡಿದವರಿಗೆ ಅದರ ಇನ್ನೊಂದು ಮುಖ ಗೊತ್ತು. ಪೇಜ್‌ಮೇಕರ್ ತೆರೆದು, ಕೋರೆಲ್ ಡ್ರಾ ತೆರೆದು, ಕನ್ನಡದ ಫಾಂಟಿನ ಪ್ರೋಗ್ರಾಮು ತೆರೆದರೆ 98 ಉಬ್ಬಸ ಪಡುತ್ತಿತ್ತು. ಗಿರಾಕಿಗಳು ರ‍್ಯಾಮ್ ಕಡಿಮೆ ಎಂದು ತಿಳಿದು ದುಡ್ಡು ಹಾಕಿ ಇನ್ನೊಂದು ಪಟ್ಟಿ ಹಾಕಿಸುತ್ತಿದ್ದರು. ಉಪಯೋಗವಿಲ್ಲ. ಪರದೆಯ ಮೇಲಿನ ಕಿಟಕಿ, ಗುಂಡಿ, ಚಿತ್ರಗಳ ಲೆಕ್ಕ ಇಡುವುದಕ್ಕೆ 98ರೊಳಗೆ ಹಳೆಯ 16 ಬಿಟ್ ಕಾಲದ, ತಲಾ 64 ಕೆಬಿಯ ಸಣ್ಣ ಜಾಗಗಳು ಉಳಿದುಕೊಂಡಿದ್ದವು. ಅವು ತುಂಬಿದರೆ ಉಳಿದ ರ‍್ಯಾಮ್ ಎಷ್ಟಿದ್ದರೂ ಯಂತ್ರ ನಿಂತಿತು. ಫಾಂಟುಗಳ ಸಂಖ್ಯೆಗೂ ಸುಮಾರು ಸಾವಿರದ ಮಿತಿ. ಇಂಗ್ಲಿಷಿನಲ್ಲಿ ಕೆಲಸ ಮಾಡುವವನಿಗೆ ಸಾವಿರ ಫಾಂಟು ಯಾಕೆ ಬೇಕು? ನಮಗೆ ಬೇಕಿತ್ತು. ಒಂದೊಂದು ಕಂಪೆನಿಯ ಕನ್ನಡ ಫಾಂಟಿಗೆ ಒಂದೊಂದು ಸಂಕೇತ, ಗಿರಾಕಿ ಯಾವುದರಲ್ಲಿ ಟೈಪ್ ಮಾಡಿ ತಂದಿದ್ದಾನೋ ಅದೇ ಇರಬೇಕು, ಇಲ್ಲದಿದ್ದರೆ ಮದುವೆ ಕಾಗದದ ತುಂಬ ಚುಕ್ಕಿ, ಗೆರೆ, ಡಾಲರು. ಮೂರು ನಾಲ್ಕು ಕಂಪೆನಿಗಳ ಫಾಂಟು ಹಾಕಿದ ಯಂತ್ರ ಆ ಗಡಿಗೆ ಬೇಗ ಹತ್ತಿರವಾಗುತ್ತಿತ್ತು. ಅಮೆರಿಕದಲ್ಲಿ ಯಾರೂ ಮುಟ್ಟದ ಗೋಡೆಗೆ ನಾವು ದಿನಾ ಹಣೆ ಹೊಡೆದುಕೊಳ್ಳುತ್ತಿದ್ದೆವು.

ತಮಾಷೆಯ ಇನ್ನೊಂದು ದೋಷವಿತ್ತು. 95 ಮತ್ತು 98 ಸತತವಾಗಿ 49.7 ದಿನ ಓಡಿದರೆ ನಿಂತುಹೋಗುತ್ತವೆ ಎಂದು 1999ರಲ್ಲಿ ಬಯಲಾಯಿತು. ಮಿಲಿಸೆಕೆಂಡು ಎಣಿಸುವ 32 ಬಿಟ್ಟಿನ ಲೆಕ್ಕ ಅಷ್ಟು ಹೊತ್ತಿಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದಂತೆ. ಈ ದೋಷ ಕುಂದಾಪುರ, ಬೈಂದೂರಿನಲ್ಲಿ ಯಾರಿಗೂ ತಟ್ಟಿರಲಿಕ್ಕಿಲ್ಲ. ನಲವತ್ತೊಂಬತ್ತು ದಿನ ಎಡೆಬಿಡದೆ ಕರೆಂಟು ಕೊಟ್ಟ ಪುಣ್ಯಾತ್ಮರು ಯಾರು?

ಕರೆಂಟಿನ ವಿಷಯ ನಗುವಂಥದ್ದೂ ಅಲ್ಲ. ಜೂನ್‌ನಲ್ಲಿ ಗಾಳಿಮಳೆ ಹಿಡಿದರೆ ತಂತಿಯ ಮೇಲೆ ತೆಂಗಿನ ಮಡಲು ಬೀಳುವುದು, ಲೈನು ಹೋಗುವುದು ದಿನದ ಮಾತು. ಹಿಂಗಾರಿನ ಸಿಡಿಲಿಗೆ ಫೋನ್ ತಂತಿಯಲ್ಲೇ ಬಂದು ಮೋಡೆಮ್ ಸುಡುವ ಹವ್ಯಾಸ. ಸಮುದ್ರದ ಉಪ್ಪುಗಾಳಿಗೆ ರ‍್ಯಾಮಿನ ಹಲ್ಲುಗಳು ಮಂಕಾಗುತ್ತವೆ. ಅದನ್ನು ಕಿತ್ತು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಹಾಕಿದರೆ ಅರ್ಧ ಯಂತ್ರಗಳು ಎದ್ದು ಕೂರುತ್ತಿದ್ದವು, ಗಿರಾಕಿಯೋ ವಿಂಡೋಸಿಗೆ ಬೈಯುತ್ತಿರುತ್ತಿದ್ದ. 98 ಬಳಸುತ್ತಿದ್ದುದು ಫ್ಯಾಟ್ ಎಂಬ ಕಡತಪಟ್ಟಿಯನ್ನು. ಬರೆಯುವ ಹೊತ್ತಿಗೆ ಕರೆಂಟು ಹೋದರೆ ಪಟ್ಟಿ ಅರ್ಧಂಬರ್ಧ. ಮತ್ತೆ ಹಚ್ಚಿದಾಗ ಸ್ಕ್ಯಾನ್‌ಡಿಸ್ಕ್ ನೀಲಿ ಪರದೆಯಲ್ಲಿ ಒಂದೊಂದೇ ಚೌಕ ತುಂಬುತ್ತಾ ಕೂರುತ್ತಿತ್ತು. ಎನ್‌ಟಿ ಕವಲಿನ ಎನ್‌ಟಿಎಫ್‌ಎಸ್ ಹಾಗಲ್ಲ. ಏನು ಬದಲಿಸಲಿದ್ದೇನೆ ಎಂದು ಮೊದಲು ಒಂದು ದಿನಚರಿಯಲ್ಲಿ ಬರೆದಿಟ್ಟು ಆಮೇಲೆ ಬದಲಿಸುತ್ತದೆ, ಕರೆಂಟು ಬಂದ ಮೇಲೆ ದಿನಚರಿ ಓದಿ ಸರಿಮಾಡಿಕೊಂಡು ಏಳುತ್ತದೆ. ಪತ್ರಿಕೆಗಳ ಕೋಷ್ಟಕದಲ್ಲಿ 98 ಏಳಲು ಎಷ್ಟು ಸೆಕೆಂಡು, 2000 ಏಳಲು ಎಷ್ಟು ಸೆಕೆಂಡು ಎಂದು ಇರುತ್ತಿತ್ತು. ಆಷಾಢದಲ್ಲಿ, ಒಂದೇ ಮಧ್ಯಾಹ್ನ ಕರೆಂಟು ಪದೇ ಪದೇ ಹೋಗುವ ಉಪ್ಪುಂದದಲ್ಲಿ, ಎಷ್ಟು ಸೆಕೆಂಡು ಎಂಬ ಕಾಲಂ ಅದರಲ್ಲಿ ಇರಲಿಲ್ಲ. ಆ ಲೆಕ್ಕದಲ್ಲಿ ನಿಧಾನದ ದಾಯಾದಿಯೇ ಗೆಲ್ಲುತ್ತಿದ್ದ.

ಭದ್ರತೆಯ ಲೆಕ್ಕ ಬಂದದ್ದು 1999ರ ಏಪ್ರಿಲ್ 26ರ ಸೋಮವಾರ. ಮದುವೆ ಕಾಗದದ ಕಾಲ, ಯಕ್ಷಗಾನ ಮೇಳಗಳು ತಿರುಗಾಟದ ಕೊನೆಗೆ ಬರುವ ಹೊತ್ತು, ಕರಪತ್ರದ ಕೆಲಸ ರಾಶಿ. ಬೆಳಿಗ್ಗೆ ಯಂತ್ರ ಹಚ್ಚಿದವರಲ್ಲಿ ಕೆಲವರಿಗೆ ಪರದೆ ಕಪ್ಪು. ಬೀಪ್ ಶಬ್ದವೂ ಇಲ್ಲ. ಅದು ಸಿಐಎಚ್ ವೈರಸ್, ತೈವಾನಿನ ಚೆನ್ ಇಂಗ್-ಹೌ ಎಂಬ ವಿದ್ಯಾರ್ಥಿ ಬರೆದದ್ದು. ಚೆರ್ನೋಬಿಲ್ ದುರಂತದ ದಿನಾಂಕದಂದೇ ಸಿಡಿದದ್ದರಿಂದ ಅದಕ್ಕೆ ಆ ಹೆಸರೂ ಬಂತು. ಪ್ರೋಗ್ರಾಮುಗಳ ಒಳಗೆ ಖಾಲಿ ಬಿಟ್ಟ ಜಾಗಗಳಲ್ಲಿ ಚೂರು ಚೂರಾಗಿ ಅಡಗಿಕೊಳ್ಳುವ ಜಾತಿ, ಕಡತದ ಗಾತ್ರ ಒಂದು ಬೈಟ್ ಕೂಡ ಹೆಚ್ಚಾಗುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು ಆ ದಿನ ಎರಡು ಕೆಲಸ ಮಾಡಿತು: ಹಾರ್ಡ್ ಡಿಸ್ಕಿನ ಆರಂಭದ ಸುಮಾರು ಒಂದು ಎಂಬಿಯನ್ನು ಅಳಿಸಿತು, ಮದರ್‌ಬೋರ್ಡಿನ ಯಂತ್ರ ಎಬ್ಬಿಸುವ ಬಯಾಸ್ ಚಿಪ್ಪಿನಲ್ಲಿ ಕಸ ಬರೆಯಿತು.

ಈ ವೈರಸ್ ದಾಯಾದಿಗಳ ನಡುವಿನ ವ್ಯತ್ಯಾಸವನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಕಲಿಸಿತು. ಇಂಟೆಲ್ ಪ್ರೊಸೆಸರಿನಲ್ಲಿ ಅಧಿಕಾರದ ಮಟ್ಟಗಳಿವೆ. ಒಳಗಿನದು ವ್ಯವಸ್ಥೆಗೆ, ಹೊರಗಿನದು ಸಾಮಾನ್ಯ ಪ್ರೋಗ್ರಾಮಿಗೆ. ಹೊರಗಿನಿಂದ ಒಳಗೆ ಹೋಗುವ ಬಾಗಿಲುಗಳದ್ದೊಂದು ಕೋಷ್ಟಕ ನೆನಪಿನಲ್ಲಿರುತ್ತದೆ. 95 ಮತ್ತು 98ರಲ್ಲಿ ಆ ಕೋಷ್ಟಕವನ್ನು ಯಾವ ಪ್ರೋಗ್ರಾಮು ಬೇಕಾದರೂ ತಿದ್ದಬಹುದಿತ್ತು. ಚೆನ್‌ನ ಕೋಡ್ ತಿದ್ದಿತು, ಒಳಗೆ ಹಾರಿತು, ಚಿಪ್ಪನ್ನು ಕೈಗೆ ತೆಗೆದುಕೊಂಡಿತು. ಅದೇ ಕೋಡನ್ನು ಎನ್‌ಟಿಯಲ್ಲಿ ಓಡಿಸಿದರೆ ಕೋಷ್ಟಕ ಮುಟ್ಟಿದ ಕ್ಷಣ ಪ್ರೊಸೆಸರೇ ತಡೆದು ಪ್ರೋಗ್ರಾಮನ್ನು ಹೊರಗೆ ಹಾಕುತ್ತಿತ್ತು. ಒಂದೇ ಪ್ರೊಸೆಸರು, ಒಂದೇ ಬೋರ್ಡು. ಒಂದು ವ್ಯವಸ್ಥೆ ಬೀಗ ಹಾಕಿತ್ತು, ಇನ್ನೊಂದು ಹಾಕಿರಲಿಲ್ಲ.

ರಿಪೇರಿಯವರಿಗೆ ಅದು ಕಲಿಕೆಯ ಕಾಲ. ಕಂಪೆನಿಯವರು ಬೋರ್ಡೇ ಬದಲಿಸಿ ಎನ್ನುತ್ತಿದ್ದರು. ನಾವು ಅಂಥದೇ ಇನ್ನೊಂದು ಬೋರ್ಡಿನಲ್ಲಿ ಯಂತ್ರ ಎಬ್ಬಿಸಿ, ಅದು ಓಡುತ್ತಿರುವಾಗಲೇ ಚಿಪ್ಪನ್ನು ಮೆಲ್ಲಗೆ ಎಬ್ಬಿ ತೆಗೆದು, ಸತ್ತ ಚಿಪ್ಪನ್ನು ಕೂರಿಸಿ, ಅದಕ್ಕೆ ಹೊಸದಾಗಿ ಬರೆಯುತ್ತಿದ್ದೆವು. ಓಡುವ ಬೋರ್ಡಿನಿಂದ ಚಿಪ್ ಕೀಳುವುದನ್ನು ಮೊದಲ ಬಾರಿ ಕಂಡ ಗಿರಾಕಿ ಕಣ್ಣು ಮುಚ್ಚಿಕೊಂಡರೆ ಆಶ್ಚರ್ಯವಿಲ್ಲ. ಡಿಸ್ಕಿನ ವಿಷಯದಲ್ಲಿ ಫ್ಯಾಟ್ ಒಂದು ಉಪಕಾರ ಮಾಡಿತು. ಅದು ತನ್ನ ಪಟ್ಟಿಯ ಎರಡು ಪ್ರತಿ ಇಡುತ್ತದೆ. ದೊಡ್ಡ ಡಿಸ್ಕುಗಳಲ್ಲಿ ಎರಡನೆಯ ಪ್ರತಿ ಅಳಿಸಿದ ಜಾಗದಿಂದ ಆಚೆ ಇರುತ್ತಿತ್ತು. ಅದರಿಂದ ಎಷ್ಟೋ ಲೆಕ್ಕಪತ್ರಗಳು ಮರಳಿ ಬಂದವು.

ಹಾಗಾದರೆ ಎಲ್ಲರೂ ಎನ್‌ಟಿಗೆ ಹೋಗಬೇಕಿತ್ತಲ್ಲ? 2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಬಂತು. ನನ್ನ ಮಟ್ಟಿಗೆ ಆ ಕಂಪೆನಿ ಮಾಡಿದ್ದರಲ್ಲಿ ಅತ್ಯಂತ ಪ್ರಾಮಾಣಿಕ ಕೆಲಸ ಅದು. ನಮ್ಮ ಡಿಟಿಪಿಯವರು ಹತ್ತಿರ ಸೇರಿಸಲಿಲ್ಲ. ಕಾರಣ, ಕನ್ನಡ ಫಾಂಟಿನ ಬೀಗ. ದುಡ್ಡು ಕೊಟ್ಟು ಕೊಂಡ ಕನ್ನಡ ತಂತ್ರಾಂಶದ ಜೊತೆ ಬೆರಳುದ್ದದ ಒಂದು ಲಾಕ್ ಬರುತ್ತಿತ್ತು, ಅದನ್ನು ಪ್ರಿಂಟರಿನ ಪೋರ್ಟಿಗೆ ಚುಚ್ಚಬೇಕು. ಪ್ರೋಗ್ರಾಮು ನೇರವಾಗಿ ಪೋರ್ಟಿಗೆ ಕೈಹಾಕಿ ಲಾಕ್ ಇದೆಯೇ ಎಂದು ನೋಡುತ್ತಿತ್ತು. ಎನ್‌ಟಿ ಕವಲಿನಲ್ಲಿ ಹಾಗೆ ನೇರವಾಗಿ ಕೈಹಾಕಲು ಬಿಡುವುದಿಲ್ಲ, ಅದಕ್ಕೆ ಬೇರೆ ಡ್ರೈವರ್ ಬೇಕು. ನನಗೆ ಮಾರಿದ ಕಂಪೆನಿಯವರು ಹೊಸ ಆವೃತ್ತಿ ಕೊಳ್ಳಿ ಎಂದರು, ಹಳೆಯದಕ್ಕೆ ಕೊಟ್ಟ ದುಡ್ಡು ಸಮುದ್ರಕ್ಕೆ. ಹೀಗೆ ಗೋಡೆಯಿದ್ದ ಮನೆಗೆ ಕನ್ನಡಕ್ಕೆ ಪ್ರವೇಶ ಸಿಗದೆ, ನಮ್ಮ ಕರಪತ್ರ, ಆಮಂತ್ರಣಗಳೆಲ್ಲ ಬೀಗವಿಲ್ಲದ 98ರಲ್ಲೇ ಉಳಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಎಂಇ ಬಗ್ಗೆ ಮಾತು ಬೇಡ. 98ರ ದೋಷಗಳನ್ನೆಲ್ಲ ಇಟ್ಟುಕೊಂಡು ಡಾಸ್ ಬಾಗಿಲನ್ನು ಮಾತ್ರ ಮುಚ್ಚಿತ್ತು.

2001ರ ಅಕ್ಟೋಬರಿನ ಎಕ್ಸ್‌ಪಿಯಲ್ಲಿ ಒಂದು ದೊಡ್ಡ ಸಂಗತಿ ಇತ್ತು. ತುಂಗಾ ಎಂಬ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ವಿಂಡೋಸಿನ ಒಳಗೇ ಬಂತು. ನೋಟ್‌ಪ್ಯಾಡಿನಲ್ಲಿ, ಕಡತದ ಹೆಸರಿನಲ್ಲಿ ಕನ್ನಡ ಬರೆಯಬಹುದು! ಲಾಕ್ ಬೇಡ, ಕಾರ್ಡ್ ಬೇಡ. ಪೇಜ್‌ಮೇಕರಿಗೆ ಮಾತ್ರ ಅದು ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಅಚ್ಚಿನ ಕೆಲಸಕ್ಕೆ ಬರಲಿಲ್ಲ. ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಅಷ್ಟರಲ್ಲಿ ಹಾಕಿದರೆ ಮೌಸ್ ಒತ್ತಿ ಚಾ ಕುಡಿದು ಬರಬಹುದು. 128 ಬೇಕೇ ಬೇಕು, 256 ಇದ್ದರೆ ಮಾತ್ರ ಜೀವ. "ಅದೆಲ್ಲ ಬ್ಯಾಡ ಮಾರಾಯ್ರೆ, ಬೇಗ ಓಪನ್ ಆಪುದ್ ಹಾಕಿ" ಎಂದವರ ಯಂತ್ರ 98ರಲ್ಲೇ ಮುಂದುವರಿಯಿತು. ಸಹಕಾರಿ ಸಂಘಗಳ ಫಾಕ್ಸ್‌ಪ್ರೊ ಎಕ್ಸ್‌ಪಿಯಲ್ಲಿ ಹೇಗೋ ನಡೆದರೂ ಯುಎಸ್‌ಬಿ ಪ್ರಿಂಟರಿಗೆ ಮುದ್ರಣ ಕಳಿಸಲು ತಿಣುಕುತ್ತಿತ್ತು. ಪ್ರಿಂಟರನ್ನು ನೆಟ್‌ವರ್ಕಿನ ಪ್ರಿಂಟರೆಂದು ಸುಳ್ಳು ಹೇಳಿ ಎಲ್‌ಪಿಟಿ1ಕ್ಕೆ ಕಟ್ಟಬೇಕಿತ್ತು.

ಅದೇ ಹೊತ್ತಿಗೆ ನಮ್ಮ ಜನರಿಗೆ ಗುರುತು ಕೇಳುವ ಕಂಪ್ಯೂಟರಿನ ಪರಿಚಯವಾದದ್ದು ತಾಲೂಕು ಕಚೇರಿಯಲ್ಲಿ. ರಾಜ್ಯದ ಭೂಮಿ ಯೋಜನೆಯಲ್ಲಿ ಪಹಣಿ ಯಂತ್ರದಿಂದ ಬರತೊಡಗಿತು, ಆಗ 15 ರೂಪಾಯಿಗೆ ಒಂದು ಪ್ರತಿ. ಅಲ್ಲಿಯ ನೌಕರ ಬೆರಳಚ್ಚು ಒತ್ತಿದರೆ ಮಾತ್ರ ಒಳಗೆ ಪ್ರವೇಶ. ಯಾರು ಯಾವ ತಿದ್ದುಪಡಿ ಮಾಡಿದರು ಎಂಬುದು ದಾಖಲಾಗುತ್ತಿತ್ತು. ಜಮೀನಿನ ವಿಷಯವಾದ್ದರಿಂದ ಇದರ ಅಗತ್ಯ ಯಾರಿಗೂ ವಿವರಿಸಬೇಕಾಗಲಿಲ್ಲ. ಅದೇ ರೈತ ಮನೆಯ ಯಂತ್ರಕ್ಕೆ ಪಾಸ್‌ವರ್ಡ್ ಹಾಕೋಣವೆಂದರೆ "ಎಂತಕ್ಕ್?" ಎನ್ನುತ್ತಿದ್ದ.

ಎಕ್ಸ್‌ಪಿಯ ಕೋಣೆಗಳಿಗೆ ಬಾಗಿಲಿದ್ದೂ ಪ್ರಯೋಜನವಾಗದ್ದು ಇಲ್ಲೇ. ಹಾಕುವಾಗ ಅದು ಸೃಷ್ಟಿಸುತ್ತಿದ್ದ ಮೊದಲ ಬಳಕೆದಾರನೇ ಅಡ್ಮಿನಿಸ್ಟ್ರೇಟರ್, ಪಾಸ್‌ವರ್ಡ್ ಖಾಲಿ. ಅಧಿಕಾರವಿಲ್ಲದ ಸಾದಾ ಖಾತೆ ಮಾಡಿಕೊಟ್ಟರೆ ಆಗಿನ ಎಷ್ಟೋ ಕನ್ನಡ ತಂತ್ರಾಂಶಗಳು ಏಳುತ್ತಲೇ ಇರಲಿಲ್ಲ; ವ್ಯವಸ್ಥೆಯ ಫೋಲ್ಡರಿನಲ್ಲಿ ಬರೆಯಲು ಹೋಗಿ ಮುಗ್ಗರಿಸುತ್ತಿದ್ದವು. ಹಾಗಾಗಿ ಕುಂದಾಪುರದಲ್ಲಿ ಕೂತ ಪ್ರತಿಯೊಬ್ಬ ಟೈಪಿಸ್ಟನೂ ತನ್ನ ಯಂತ್ರದ ಸರ್ವಾಧಿಕಾರಿ. ಅವನು ಒತ್ತಿದ ವೈರಸಿಗೂ ಅದೇ ಅಧಿಕಾರ.

2003ರ ಆಗಸ್ಟಿನಲ್ಲಿ ಲೆಕ್ಕ ತಿರುಗುಮುರುಗಾಯಿತು. "ತನ್ನಷ್ಟಕೇ ಬಂದ್ ಆತ್ತ್ ಕಾಣಿ" ಎಂದು ಜನ ಬರತೊಡಗಿದರು. ಇಂಟರ್ನೆಟ್ಟಿಗೆ ಡಯಲ್ ಮಾಡಿದ ಸ್ವಲ್ಪ ಹೊತ್ತಿಗೆ ಒಂದು ಪೆಟ್ಟಿಗೆ ಮೂಡಿ ಅರವತ್ತರಿಂದ ಕೆಳಗೆ ಎಣಿಸುತ್ತದೆ, ಯಂತ್ರ ಆರುತ್ತದೆ. ಆಗಸ್ಟ್ 11ರಂದು ಹರಡತೊಡಗಿದ ಬ್ಲಾಸ್ಟರ್ ಹುಳು ಅದು. ಯಾರೂ ಏನೂ ಒತ್ತಬೇಕಿಲ್ಲ, ಫ್ಲಾಪಿ ಬೇಕಿಲ್ಲ, ತಂತಿಯಲ್ಲೇ ಬರುತ್ತದೆ. ಎನ್‌ಟಿ ಕವಲಿನಲ್ಲಿ ಬೇರೆ ಯಂತ್ರಗಳ ಜೊತೆ ಮಾತಾಡುವ ಆರ್‌ಪಿಸಿ ಎಂಬ ಸೇವೆ ಸದಾ ಕಿವಿ ತೆರೆದಿರುತ್ತಿತ್ತು, ಅದರಲ್ಲೊಂದು ಬಿರುಕು. 98ರಲ್ಲಿ ಆ ಬಿರುಕೇ ಇರಲಿಲ್ಲ, ಹುಳು ಅದರ ಹತ್ತಿರ ಸುಳಿಯಲಿಲ್ಲ. ದಪ್ಪ ಗೋಡೆಯ ಎಕ್ಸ್‌ಪಿ ಬಿತ್ತು, ಗೋಡೆಯೇ ಇಲ್ಲದ 98 ಕೂದಲು ಕೊಂಕದೆ ಉಳಿಯಿತು. ಮರುವರ್ಷ ಏಪ್ರಿಲ್ ಕೊನೆಗೆ ಜರ್ಮನಿಯ ಹದಿಹರೆಯದ ಹುಡುಗ ಬಿಟ್ಟ ಸ್ಯಾಸರ್ ಕೂಡ ಹಾಗೇ ಮಾಡಿತು.

ಬ್ಲಾಸ್ಟರಿನ ತೇಪೆಯನ್ನು ಮೈಕ್ರೋಸಾಫ್ಟ್ ಜುಲೈ 16ರಂದೇ ಬಿಡುಗಡೆ ಮಾಡಿತ್ತು. ನಮ್ಮಲ್ಲಿ ಅದನ್ನು ಹಾಕಿದವರು ಎಷ್ಟು ಜನ? 2004ರ ಆಗಸ್ಟಿನಲ್ಲಿ ಬಂದ ಸರ್ವೀಸ್ ಪ್ಯಾಕ್ 2 ಫೈರ್‌ವಾಲನ್ನು ತಾನಾಗಿಯೇ ಚಾಲೂ ಇಡುವ ಪದ್ಧತಿ ತಂದಿತು, ದೊಡ್ಡ ಸುಧಾರಣೆ. ಗಾತ್ರ ಸುಮಾರು 266 ಎಂಬಿ. ಆಗಿನ ಡಯಲ್-ಅಪ್ ವೇಗದಲ್ಲಿ ಅದು ಅರ್ಧ ದಿನಕ್ಕೂ ಹೆಚ್ಚಿನ ಕೆಲಸ, ಅದೂ ಫೋನ್ ಲೈನು ಕಡಿಯದಿದ್ದರೆ. ಇನ್ನೊಂದು ಕಾರಣವನ್ನು ಬಿಚ್ಚಿಯೇ ಹೇಳಬೇಕು: ಊರಿನಲ್ಲಿ ಓಡುತ್ತಿದ್ದ ಪ್ರತಿಗಳಲ್ಲಿ ಬಹುಪಾಲು ಕಳ್ಳಪ್ರತಿ. ಅಪ್‌ಡೇಟ್ ಮಾಡಿದರೆ ಕಂಪೆನಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆಯಿಂದ ಜನ ಅದನ್ನು ಆರಿಸಿಯೇ ಇಡುತ್ತಿದ್ದರು. ತೇಪೆ ಹಾಕದ ಎಕ್ಸ್‌ಪಿಗಿಂತ ಹಳೆಯ 98 ತಂತಿಯ ಹುಳುಗಳಿಗೆ ಹೆಚ್ಚು ಭದ್ರ ಎಂಬ ವಿಚಿತ್ರ ಸತ್ಯ ಆ ಎರಡು ವರ್ಷ ನಮ್ಮಲ್ಲಿ ನಡೆಯಿತು.

ಆಮೇಲೆ ಪೆನ್‌ಡ್ರೈವ್. ಫೋಟೋ ಸ್ಟುಡಿಯೋದಿಂದ ಡಿಟಿಪಿಗೆ, ಅಲ್ಲಿಂದ ಪ್ರೆಸ್ಸಿಗೆ, ಕಾಲೇಜಿನ ಹುಡುಗರ ಪ್ರಾಜೆಕ್ಟು ಹೊತ್ತು ಜೆರಾಕ್ಸ್ ಅಂಗಡಿಗೆ. ಬೈಂದೂರಿನ ಮದುವೆಯ ಫೋಟೋ ಕುಂದಾಪುರಕ್ಕೆ ಬರುವಾಗ ಜೊತೆಗೆ ನ್ಯೂ ಫೋಲ್ಡರ್ ಎಂಬ ಹೆಸರಿನ, ಫೋಲ್ಡರಿನದೇ ಹಳದಿ ಚಿತ್ರ ಹೊತ್ತ ಪ್ರೋಗ್ರಾಮೂ ಬರುತ್ತಿತ್ತು. ಚುಚ್ಚಿ ತೆರೆದ ತಕ್ಷಣ ಒಳಗಿನದನ್ನು ಓಡಿಸುವ ಆಟೋರನ್ ಸೌಲಭ್ಯ ಅದಕ್ಕೆ ಕೆಂಪು ಹಾಸು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ಹುಳು ಕಾನ್‌ಫಿಕರ್ ಕೂಡ ಬೇಗನೆ ಈ ದಾರಿ ಹಿಡಿಯಿತು. ಹಳೆಯ ವಿಂಡೋಸುಗಳಲ್ಲಿ ಪೆನ್‌ಡ್ರೈವಿನ ಆಟೋರನ್ ನಿಲ್ಲಿಸುವ ಅಪ್‌ಡೇಟ್ ಎಲ್ಲರಿಗೂ ಹೋದದ್ದು 2011ರಲ್ಲಿ. ಅಷ್ಟರಲ್ಲಿ ಊರೂರಿನ ಸ್ಟುಡಿಯೋಗಳು ಒಂದಕ್ಕೊಂದು ಎಷ್ಟು ಬಾರಿ ಹಂಚಿಕೊಂಡಿದ್ದವೋ.

ಲಿನಕ್ಸನ್ನೂ ಈ ಊರು ನೋಡಿದೆ. 1991ರಲ್ಲಿ ಹೆಲ್ಸಿಂಕಿಯ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ್ದು, ಬ್ಯಾಂಕಿನ ಯುನಿಕ್ಸಿನ ರೀತಿನೀತಿಯನ್ನೇ ಹಿಡಿದದ್ದು. ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಸೀಡಿ ಬರುತ್ತಿತ್ತು. 2004ರಲ್ಲಿ ಉಬುಂಟು ಹೊರಟ ಮೇಲೆ ಕೇಳಿದವರ ಮನೆಗೆ ಪುಕ್ಕಟೆ ಸೀಡಿ ಅಂಚೆಯಲ್ಲಿ ಬರುತ್ತಿತ್ತು. ಅದರಲ್ಲಿ ದಿನದ ಕೆಲಸ ಸಾದಾ ಖಾತೆಯಲ್ಲೇ, ವ್ಯವಸ್ಥೆ ಮುಟ್ಟಬೇಕಾದರೆ ಪಾಸ್‌ವರ್ಡ್. ಇಎಕ್ಸ್‌ಟಿ3 ಎಂಬ ಕಡತಪಟ್ಟಿ ಬಂದ ಮೇಲೆ ಕರೆಂಟು ಹೋದರೂ ಎನ್‌ಟಿಎಫ್‌ಎಸ್‌ನಂತೆ ದಿನಚರಿ ಓದಿ ಏಳುತ್ತಿತ್ತು. ಬ್ಲಾಸ್ಟರಿಗೂ ನ್ಯೂ ಫೋಲ್ಡರಿಗೂ ಅದು ಸಿಗಲಿಲ್ಲ. ಆದರೂ ಸೋತಿತು. ಅಗ್ಗದ ಯಂತ್ರಗಳಲ್ಲಿ ಬರುತ್ತಿದ್ದ ಮೋಡೆಮ್‌ಗಳ ಅರ್ಧ ಕೆಲಸ ವಿಂಡೋಸೇ ಮಾಡುತ್ತಿತ್ತು, ಲಿನಕ್ಸಿನಲ್ಲಿ ಅವು ಮೂಕ. ಪೇಜ್‌ಮೇಕರ್ ಇಲ್ಲ, ಟ್ಯಾಲಿ ಇಲ್ಲ, ನುಡಿ ಇಲ್ಲ. ಮತ್ತೆ ಅಕ್ಷರವೇ ತೀರ್ಮಾನ ಕೊಟ್ಟದ್ದು.

ಗಡಿಯ ತಲಪಾಡಿ ಗೇಟಿನ ಆಚೆ ಕತೆ ಬೇರೆ ಆಯಿತು. ಕೇರಳದ ಐಟಿ@ಸ್ಕೂಲ್ ಯೋಜನೆ ಸರಕಾರಿ ಶಾಲೆಗಳನ್ನು ಪೂರ್ತಿ ಲಿನಕ್ಸಿಗೆ ತಂದಿತು. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸಿನಲ್ಲೇ ಕಂಪ್ಯೂಟರು ಕಲಿತರು. ಅಲ್ಲಿ ಸರಕಾರ ಮನಸ್ಸು ಮಾಡಿತ್ತು. ಪಾಠ, ಪರೀಕ್ಷೆ, ಶಿಕ್ಷಕರ ತರಬೇತಿ ಎಲ್ಲ ಒಂದೇ ದಾರಿಯಲ್ಲಿ ನಡೆಯಿತು. ನಮ್ಮಲ್ಲಿ ಅದನ್ನು ಅಂಗಡಿಯವರ ಉತ್ಸಾಹಕ್ಕೆ ಬಿಟ್ಟರು, ಉತ್ಸಾಹ ಎಷ್ಟು ದಿನ?

ಮುಂದಿನದು ಬೇಗ ಮುಗಿಯುತ್ತದೆ. 2007ರ ವಿಸ್ಟಾ ಏನು ಮಾಡಲು ಹೋದರೂ ಅನುಮತಿ ಕೇಳುತ್ತಿತ್ತು, ಕೇಳಿದ್ದು ಸರಿಯಾಗಿಯೇ ಇತ್ತು, ಗಿರಾಕಿಗಳು ಆ ಕಿರಿಕಿರಿ ತೆಗೆದುಹಾಕಿ ಎಂದರು. 2009ರ ವಿಂಡೋಸ್ 7 ಕಡಿಮೆ ಕೇಳಿತು, ಎಲ್ಲರಿಗೂ ಇಷ್ಟವಾಯಿತು. ಲಿನಕ್ಸಿನ ಮೇಲೇ ಕಟ್ಟಿದ ಆಂಡ್ರಾಯ್ಡಿನ 2012ರ 4.1 ಆವೃತ್ತಿಯಲ್ಲಿ ಕನ್ನಡ ಬಂದ ಮೇಲೆ ಗಂಗೊಳ್ಳಿ ಬಂದರಿನ ಪ್ರತಿಯೊಬ್ಬರ ಕಿಸೆಯಲ್ಲೂ ಲಿನಕ್ಸ್ ಕೂತಿತು, ಯಾರಿಗೂ ಅದರ ಹೆಸರು ಗೊತ್ತಾಗದೆ. ಆಂಡ್ರಾಯ್ಡಿನಲ್ಲಿ ಒಂದೊಂದು ಆ್ಯಪಿಗೂ ಬೇರೆ ಬೇರೆ ಬಳಕೆದಾರ ಸಂಖ್ಯೆ, ಒಂದರ ಕಡತ ಇನ್ನೊಂದಕ್ಕೆ ಕಾಣದು. ಹಸಿರು ಪರದೆಯ ಬ್ಯಾಂಕಿನಲ್ಲಿ ಗುಮಾಸ್ತರ ನಡುವೆ ಇದ್ದ ಯುನಿಕ್ಸಿನ ಗೋಡೆ ಅದು.

2017ರ ಮೇ 12ರ ವನ್ನಾಕ್ರೈ ಎಂಬ ಹುಳು ಹಳೆಯ ನಾಟಕವನ್ನು ಮತ್ತೊಮ್ಮೆ ಆಡಿತು. ತೇಪೆ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದು ಬಂದಿತ್ತು. ಎಕ್ಸ್‌ಪಿಯೇ ಸಾಯುತ್ತದೆ ಎಂದು ಎಲ್ಲರೂ ತಿಳಿದಿದ್ದರು, ಹೆಚ್ಚು ಬಿದ್ದದ್ದು ವಿಂಡೋಸ್ 7. ಎಕ್ಸ್‌ಪಿಗೆ ಆ ಹುಳು ನುಗ್ಗಲು ಹೋದರೆ ಹೆಚ್ಚಿನ ಕಡೆ ನೀಲಿ ಪರದೆ ಬಂದು ಯಂತ್ರವೇ ಬಿದ್ದುಹೋಗುತ್ತಿತ್ತು, ಹುಳು ಹರಡಲು ಏನೂ ಉಳಿಯುತ್ತಿರಲಿಲ್ಲ.

ಈಗ ಮತ್ತೆ ಅದೇ ಪ್ರಶ್ನೆ ಹೊಸ ಸಂಖ್ಯೆಯಲ್ಲಿ ಬರುತ್ತಿದೆ: ಹತ್ತೋ, ಹನ್ನೊಂದೋ. ವಿಂಡೋಸ್ 10ರ ಮಾಮೂಲಿ ತೇಪೆಗಳ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ, ಇಂಟೆಲಿನ ಎಂಟನೇ ತಲೆಮಾರಿಗಿಂತ ಹಳೆಯ ಯಂತ್ರಗಳನ್ನು 11 ತನ್ನವೆಂದು ಒಪ್ಪುವುದಿಲ್ಲ. ಬೈಂದೂರು, ಬ್ರಹ್ಮಾವರ ಈಗ ಪ್ರತ್ಯೇಕ ತಾಲೂಕುಗಳು, ಅಲ್ಲಿಯ ಸಂಘ, ಶಾಲೆ, ಗ್ರಂಥಾಲಯಗಳಲ್ಲಿ ಇಂಥ ಯಂತ್ರಗಳು ಸಾಕಷ್ಟಿವೆ. ಅವುಗಳನ್ನು ಗುಜರಿಗೆ ಕೊಡಬೇಡಿ. ಇಂದು ಕನ್ನಡ ಯೂನಿಕೋಡಿನಲ್ಲಿದೆ, ಲಿನಕ್ಸಿನಲ್ಲಿ ತಡೆಯಿಲ್ಲದೆ ಓದಬಹುದು, ಬರೆಯಬಹುದು, ಲಾಕ್ ಹುಡುಕಬೇಕಿಲ್ಲ. ಪತ್ರ ವ್ಯವಹಾರಕ್ಕೆ, ಮಕ್ಕಳ ಪಾಠಕ್ಕೆ ಲಿನಕ್ಸ್ ಹಾಕಿಸಿ. ಟ್ಯಾಲಿ ಬೇಕಾದ ಯಂತ್ರಕ್ಕೆ ಮಾತ್ರ ಹೊಸದು ಕೊಳ್ಳಿ. ಯಾವುದನ್ನೇ ಹಾಕಿಸಿದರೂ ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಒಂದು ಸಾದಾ ಖಾತೆ ಮಾಡಿಸಿಕೊಳ್ಳಿ. ಅಂಗಡಿಯವರು ತಾವಾಗಿ ಮಾಡಿಕೊಡುವುದಿಲ್ಲ, ನೀವೇ ಕೇಳಬೇಕು.